ತುಕ್ಕು ಹಿಡಿದು ಕಚ್ಚಿಕೊಂಡ ಸೈಲೆನ್ಸರ್ ಪೈಪ್: ಎಂಜಿನ್ ಕೆಡದಂತೆ ಬಿಚ್ಚುವ ಬಗೆ

ಸಣ್ಣ ಎಂಜಿನ್ನಿನ ಸೈಲೆನ್ಸರ್ ಬಿಚ್ಚಲು ಹೋಗಿ ಸಿಲಿಂಡರ್ ಹೆಡ್ಡಿಗೇ (ಸಿಲಿಂಡರಿನ ತಲೆಯ ಮೇಲಿನ ಮುಚ್ಚಳ) ಕುತ್ತು ತಂದುಕೊಂಡವರನ್ನು ಕೇಳಿ ನೋಡಿ. ಎಲ್ಲರ ಕತೆಯೂ ಹೆಚ್ಚುಕಮ್ಮಿ ಒಂದೇ. ಪಾನಾ ಹಾಕಿದರು, ನಟ್ಟು ಜಗ್ಗಲಿಲ್ಲ. ಪಾನಾದ ಹಿಡಿಗೆ ಉದ್ದನೆಯ ಪೈಪ್ ತೂರಿಸಿ, ಮೈಭಾರವೆಲ್ಲ ಬಿಟ್ಟು ಎಳೆದರು. ಟಕ್ ಅಂತ ಸದ್ದಾಯಿತು, ಪಾನಾ ಹಗುರಾಯಿತು. ಒಂದು ಕ್ಷಣ ಖುಷಿ. ಆಮೇಲೆ ನೋಡಿದರೆ ನಟ್ಟಿನ ಜೊತೆ ಅರ್ಧ ಸ್ಟಡ್ಡೂ (ಹೆಡ್ಡಿಗೆ ನೆಟ್ಟ, ನಟ್ಟು ಕೂರುವ ತಲೆಯಿಲ್ಲದ ಬೋಲ್ಟು) ಕೈಗೆ ಬಂದಿದೆ. ನಾನೂ ಇದನ್ನು ಮಾಡಿದ್ದೇನೆ. ಒಂದು ನೀರಿನ ಪಂಪಿನ ಎಂಜಿನ್. ಹತ್ತು ನಿಮಿಷದ ಕೆಲಸ ಅಂದುಕೊಂಡದ್ದು ಮೂರು ದಿನ ಹಿಡಿಯಿತು.

ನಟ್ಟನ್ನು ಹಿಡಿದಿಟ್ಟಿರುವುದು ತುಕ್ಕು. ಕಬ್ಬಿಣ ತುಕ್ಕಾದರೆ ಅದಕ್ಕೆ ಮೊದಲಿದ್ದ ಜಾಗದ ಎರಡು ಪಟ್ಟಿಗೂ ಜಾಸ್ತಿ ಬೇಕು. ಥ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಅದು ಎರಡೂ ಕಡೆ ಒತ್ತಿಕೊಂಡು ಬೆಣೆಯಂತೆ ಕೂರುತ್ತದೆ. ಸೈಲೆನ್ಸರ್ ಇರುವ ಜಾಗವಂತೂ ದಿನಾ ಕಾಯುತ್ತದೆ, ಆರುತ್ತದೆ, ಇಬ್ಬನಿಗೆ ನೆನೆಯುತ್ತದೆ. ಹೆಡ್ಡು ಅಲ್ಯೂಮಿನಿಯಂನದ್ದು, ಪೈಪು ಉಕ್ಕಿನದ್ದು ಆಗಿದ್ದರೆ ಇನ್ನೊಂದು ತೊಂದರೆ. ಬೇರೆ ಬೇರೆ ಲೋಹ ತಾಗಿಕೊಂಡು ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಬಿಳಿ ಪುಡಿಯಾಗುತ್ತದೆ. ಆ ಪುಡಿಯೂ ತುಕ್ಕಿನಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಮೊದಲು ಜೋಡಣೆ ಯಾವ ತರಹದ್ದು ನೋಡಿ

ಸಣ್ಣ ಎಂಜಿನ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ಬಗೆ. ಒಂದು, ಹೆಡ್ಡಿನಿಂದ ಹೊರಗೆ ಬಂದ ಎರಡು ಸ್ಟಡ್ಡುಗಳ ಮೇಲೆ ಪೈಪಿನ ತುದಿಯ ಚಪ್ಪಟೆ ಪಟ್ಟಿಯನ್ನು, ಅಂದರೆ ಫ್ಲೇಂಜನ್ನು, ಕೂರಿಸಿ ನಟ್ಟು ಬಿಗಿದಿರುವುದು. ಹೋಂಡಾ ಜಿಎಕ್ಸ್160 ಮತ್ತು ಅದರ ನಕಲು ಎಂಜಿನ್‌ಗಳೆಲ್ಲ ಹೀಗೇ. ಎರಡು, ನೇರವಾಗಿ ಬೋಲ್ಟು ಹಾಕಿರುವುದು. ಇದರಲ್ಲಿ ಬೋಲ್ಟು ಸಡಿಲವಾಗದಿರಲಿ ಅಂತ ತೆಳು ತಗಡಿನ ಲಾಕ್ ಪಟ್ಟಿಯನ್ನು ಬೋಲ್ಟಿನ ತಲೆಗೆ ಮಡಚಿರುತ್ತಾರೆ. ಅದನ್ನು ನೇರ ಮಾಡದೆ ಪಾನಾ ಹಾಕಿ ಒದ್ದಾಡಿದವರು ಬಹಳ ಜನ. ಮೂರನೆಯದು, ಪೈಪಿಗೇ ಥ್ರೆಡ್ ಇದ್ದು ಎಂಜಿನ್ನಿನ ಬಾಯಿಗೆ ನಲ್ಲಿಯ ಹಾಗೆ ತಿರುಗಿಸಿ ಕೂರಿಸಿರುವುದು. ಹಳೆಯ ಎಂಜಿನ್‌ಗಳಲ್ಲಿ ಇದು ಜಾಸ್ತಿ. ಬುಡದಲ್ಲಿ ಒಂದು ತೆಳು ಲಾಕ್ ನಟ್ಟು ಇರಬಹುದು. ತುಕ್ಕಿನಲ್ಲಿ ಮುಚ್ಚಿಹೋಗಿದ್ದರೆ ಅದು ಪೈಪಿನ ಭಾಗವೇ ಅನ್ನಿಸುತ್ತದೆ. ಕೆರೆದು ನೋಡಿ. ಇದ್ದರೆ ಮೊದಲು ಅದನ್ನು ಸಡಿಲಿಸಬೇಕು.

ಇನ್ನೊಂದು ವಿಷಯವನ್ನೂ ಈಗಲೇ ನೋಡಿಕೊಳ್ಳಿ: ಎಂಜಿನ್ನಿನ ಮೈ ಅಲ್ಯೂಮಿನಿಯಮ್ಮೋ, ಬೀಡು ಕಬ್ಬಿಣವೋ? ಆಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಮುಂದೆ ಬಿಸಿ ಮಾಡುವ ರೀತಿ ಪೂರ್ತಿ ಇದರ ಮೇಲೆ ನಿಂತಿದೆ.

ಪಾನಾ ಮುಟ್ಟುವ ಮೊದಲು

ಎಂಜಿನ್ ಪೂರ್ತಿ ತಣ್ಣಗಿರಲಿ. ಪ್ಲಗ್ಗಿನ ವೈರ್ ಕಿತ್ತು ದೂರ ಇಡಿ. ಪೆಟ್ರೋಲ್ ಖಾಲಿ ಮಾಡಿ. ಬಿಸಿ ಮಾಡಲು ಗ್ಯಾಸ್ ಟಾರ್ಚ್ ಹಚ್ಚುವ ಯೋಚನೆ ಇದ್ದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬಿಚ್ಚಿ ಬೇರೆ ಕಡೆ ಒಯ್ಯಿರಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆಲ್ಲ ಪೆಟ್ರೋಲ್ ಆವಿಯೇ ತುಂಬಿರುತ್ತದೆ. ಪ್ಲಾಸ್ಟಿಕ್ ಕವರು, ಹಗ್ಗ ಎಳೆಯುವ ಸ್ಟಾರ್ಟರ್ ಎಲ್ಲ ತೆಗೆದರೆ ಕೈಯಾಡಿಸಲು ಜಾಗವೂ ಸಿಗುತ್ತದೆ. ಎಂಜಿನ್ನನ್ನು ಹಲಗೆಗೋ ಬೆಂಚಿಗೋ ಬೋಲ್ಟು ಹಾಕಿ ಕೂರಿಸಿ. ಎಂಜಿನ್ ಜಾರುತ್ತಿದ್ದರೆ ಪಾನಾ ನಟ್ಟಿನ ಮೇಲೆ ಓರೆಯಾಗುತ್ತದೆ, ಮೂಲೆ ಸವೆಯುವುದೇ ಆವಾಗ.

ಕನ್ನಡಕ ಹಾಕಿಕೊಳ್ಳಿ. ತುಕ್ಕಿನ ಚೂರು ಕಣ್ಣಿಗೆ ಬಿದ್ದರೆ ಸುಮ್ನೆ ತೊಳೆದರೆ ಹೋಗುವುದಿಲ್ಲ.

ಎಣ್ಣೆ, ಮತ್ತು ಒಂದು ರಾತ್ರಿ

ವೈರ್ ಬ್ರಷ್ಷಿನಿಂದ ನಟ್ಟಿನ ಸುತ್ತ, ಅದರಾಚೆ ಕಾಣುವ ಸ್ಟಡ್ಡಿನ ಥ್ರೆಡ್ಡಿನ ಮೇಲೆ ಚೆನ್ನಾಗಿ ಉಜ್ಜಿ. ನಟ್ಟು ಹೊರಬರುವಾಗ ದಾಟಬೇಕಿರುವುದು ಆ ಥ್ರೆಡ್ಡನ್ನೇ ಅಲ್ವಾ? ಅಲ್ಲಿ ಮಸಿ, ತುಕ್ಕು ಉಳಿದಿದ್ದರೆ ಸಡಿಲವಾದ ನಟ್ಟೂ ಅರ್ಧದಲ್ಲಿ ಮತ್ತೆ ಕಚ್ಚಿಕೊಳ್ಳುತ್ತದೆ.

ಆಮೇಲೆ ತುಕ್ಕು ಬಿಡಿಸುವ ಎಣ್ಣೆ. ಎಲ್ಲರ ಕೈಗೂ ಸಿಗುವುದು ಡಬ್ಲ್ಯೂಡಿ-40. 1953ರಲ್ಲಿ ಅದನ್ನು ಮಾಡಿದ್ದು ಲೋಹದ ಮೇಲಿನ ನೀರನ್ನು ಓಡಿಸಲು. ಹೆಸರಿನ ಅರ್ಥವೂ ಅದೇ, ನೀರು ಓಡಿಸುವ ಮದ್ದಿನ 40ನೇ ಪ್ರಯತ್ನ. ಕಚ್ಚಿಕೊಂಡ ಥ್ರೆಡ್ಡಿಗೆ ಅಂತಲೇ ಮಾಡಿದ ಪೆನೆಟ್ರೇಟಿಂಗ್ ಎಣ್ಣೆ ಸಿಕ್ಕರೆ ಅದು ವಾಸಿ. ಹಲವು ಮೆಕ್ಯಾನಿಕ್‌ಗಳು ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಎಣ್ಣೆಯನ್ನು ಅರ್ಧರ್ಧ ಬೆರೆಸಿ ಬಳಸುತ್ತಾರೆ. ನನ್ನ ಅನುಭವದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇವೆರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿ ಹನಿಸಬೇಕು. ಅಸಿಟೋನ್ ಬಣ್ಣ ಕೀಳುತ್ತದೆ, ಒಂದು ಕಿಡಿಗೇ ಹತ್ತಿಕೊಳ್ಳುತ್ತದೆ. ಏನೂ ಇಲ್ಲದಿದ್ದರೆ ಡೀಸೆಲ್, ಸೀಮೆಎಣ್ಣೆಯೂ ಆಗುತ್ತದೆ, ನಿಧಾನ ಅಷ್ಟೆ.

ಎಣ್ಣೆ ಒಳಗೆ ಇಳಿಯುವ ಕಡೆ ಹಾಕಬೇಕು. ಎಂಜಿನ್ನನ್ನು ಸ್ವಲ್ಪ ವಾಲಿಸಿ, ಜೋಡಣೆ ಮೇಲ್ಮುಖವಾಗುವಂತೆ ಮಾಡಿ ನಾಲ್ಕೈದು ಹನಿ ಬಿಡಿ. ಡಬ್ಬಿ ಖಾಲಿಯಾಗುವ ತನಕ ಸಿಂಪಡಿಸಿದರೆ ನೆಲ ಒದ್ದೆಯಾಗುತ್ತದೆ ಅಷ್ಟೆ. ಒಂದೆರಡು ಗಂಟೆಗೊಮ್ಮೆ ಇನ್ನೆರಡು ಹನಿ. ಹೀಗೆ ಒಂದು ರಾತ್ರಿ ಬಿಡಿ.

ಎಣ್ಣೆ ಹಾಕಿದ ಪ್ರತಿ ಸಲವೂ ಸುತ್ತಿಗೆಯಿಂದ ತಟ್ಟಿ. ನಟ್ಟಿನ ಒಂದು ಮಗ್ಗುಲಿಗೆ ಭಾರದ ಕಬ್ಬಿಣವನ್ನು ಒತ್ತಿ ಹಿಡಿದು, ಎದುರು ಮಗ್ಗುಲಿಗೆ ಸಣ್ಣ ಸುತ್ತಿಗೆಯಿಂದ ಹತ್ತಾರು ಪೆಟ್ಟು. ತೆಂಗಿನಕಾಯಿ ಒಡೆಯುವ ಪೆಟ್ಟು ಬೇಡ, ಮೊಳೆ ಹೊಡೆಯುವ ಪೆಟ್ಟು ಸಾಕು. ತುಕ್ಕು ಗಟ್ಟಿ, ಆದರೆ ಪೆಡಸು. ಅದುರಿದರೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಅಲ್ಯೂಮಿನಿಯಂ ಹೆಡ್ಡಿನ ಮೇಲೆ ಮತ್ತು ಗಾಳಿ ತಗಲುವ ರೆಕ್ಕೆಗಳ ಮೇಲೆ ಮಾತ್ರ ಒಂದು ಪೆಟ್ಟೂ ಬೀಳಬಾರದು.

ಮೊದಲ ತಿರುವು

ಈಗ ಪಾನಾ. ಆರು ಮೂಲೆಯ ಸಾಕೆಟ್ಟೋ ಆರು ಮೂಲೆಯ ರಿಂಗ್ ಪಾನಾವೋ ಬೇಕು. ಹನ್ನೆರಡು ಮೂಲೆಯದ್ದು ಸವೆದ ನಟ್ಟಿನ ಮೇಲೆ ಜಾರುತ್ತದೆ. ಬಾಯಿ ತೆರೆದ ಪಾನಾವನ್ನಂತೂ ಇಂಥ ಕೆಲಸಕ್ಕೆ ತರಲೇಬೇಡಿ. ತುಕ್ಕು ತಿಂದು ನಟ್ಟು ಸಣ್ಣದಾಗಿದ್ದರೆ ಒಂದು ಸೈಜು ಕಮ್ಮಿಯ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ಬಿಗಿಯಾಗಿ ಕೂರಿಸಬಹುದು. ಅಲೆನ್ ಬೋಲ್ಟಾಗಿದ್ದರೆ ಅದರ ತಲೆಯ ಗುಳಿಯಲ್ಲಿರುವ ಮಸಿಯನ್ನು ದಬ್ಬಳದಿಂದ ಕೆರೆದು ತೆಗೆಯಿರಿ. ಕೀಲಿ ತಳ ಮುಟ್ಟದೆ ತುದಿಯಲ್ಲಿ ಮಾತ್ರ ಹಿಡಿದರೆ ಗುಳಿ ಗುಂಡಗಾಗುವುದು ಖಂಡಿತ.

ದಿಕ್ಕನ್ನು ಇನ್ನೊಮ್ಮೆ ನೋಡಿಕೊಳ್ಳಿ. ನಟ್ಟಿಗೆ ಎದುರಾಗಿ ನಿಂತರೆ ಗಡಿಯಾರದ ಮುಳ್ಳಿಗೆ ವಿರುದ್ಧ. ಎಂಜಿನ್ ಮಗುಚಿಟ್ಟು, ಹಿಂದಿನಿಂದ ಕೈ ಹಾಕಿ, ಅರ್ಧ ಗಂಟೆ ಬಿಗಿಮಾಡುತ್ತಾ ಕೂತವರನ್ನು ಕಂಡಿದ್ದೇನೆ. ಹೆಸರು ಬೇಡ, ಕನ್ನಡಿಯಲ್ಲಿ ಕಂಡಿದ್ದು ಅಂದರೆ ಸಾಕು.

ಮೊದಲು ಒಂದು ಕೂದಲೆಳೆಯಷ್ಟು ಬಿಗಿಮಾಡಿ. ಹೌದು, ಬಿಗಿಮಾಡಿ. ತುಕ್ಕಿನ ಹಿಡಿತ ಬಿಡಲು ಯಾವ ಕಡೆ ಅಲುಗಿದರೂ ಸರಿ. ಆಮೇಲೆ ಸಡಿಲಿಸುವ ಕಡೆಗೆ ಎಳೆಯಿರಿ. ಜರ್ಕ್ ಕೊಡಬೇಡಿ. ನಿಧಾನವಾಗಿ ಭಾರ ಏರಿಸುತ್ತಾ ಹೋಗಿ, ಕಿವಿಯನ್ನೂ ಅಂಗೈಯನ್ನೂ ಅದರ ಮೇಲೇ ಇಡಿ.

ತುಕ್ಕು ಬಿಡುವಾಗ ಕ್ರಿಕ್ ಅಂತ ಒಣ ಸದ್ದು ಬರುತ್ತದೆ, ಕೈಗೆ ಒಂದು ಸಣ್ಣ ಜಿಗಿತ ತಿಳಿಯುತ್ತದೆ. ಆಮೇಲೆ ತಿರುಗಿಸಲು ಮತ್ತೆ ಬಿಗಿ, ಮತ್ತೆ ಕ್ರಿಕ್. ಇದು ಒಳ್ಳೆಯ ಸುದ್ದಿ. ಸ್ಟಡ್ಡು ಮುರಿಯುವ ಮುಂಚಿನ ಅನುಭವವೇ ಬೇರೆ. ಅಲ್ಲಿ ಸದ್ದಿಲ್ಲ. ಪಾನಾ ತಿರುಗುತ್ತದೆ, ಆದರೆ ಹದವಾದ ಬೆಲ್ಲದ ಪಾಕದಲ್ಲಿ ಸೌಟು ತಿರುಗಿಸಿದಂತೆ ಮೆತ್ತಗೆ, ಎಳೆಎಳೆಯಾಗಿ. ಕೈ ಬಿಟ್ಟರೆ ಸ್ವಲ್ಪ ಹಿಂದಕ್ಕೂ ಬರುತ್ತದೆ. ನಟ್ಟು ಸಡಿಲವಾಗುತ್ತಿದೆ ಅಂತ ಖುಷಿಪಡಬೇಡಿ, ಸ್ಟಡ್ಡು ಹೊಸಕಿಕೊಳ್ಳುತ್ತಿದೆ. ಇನ್ನು ಕಾಲು ಸುತ್ತು ತಿರುಗಿಸಿದರೆ ಅದು ಹೋಯಿತು. ನನ್ನ ಪಂಪಿನ ಎಂಜಿನ್ನಿನಲ್ಲಿ ಈ ಮೆತ್ತಗಿನ ತಿರುವು ಕೈಗೆ ಸ್ಪಷ್ಟವಾಗಿ ಗೊತ್ತಾಗಿತ್ತು. ನಿಲ್ಲಿಸಲಿಲ್ಲ, ಅಷ್ಟೆ.

ಅನುಮಾನ ಬಂದರೆ ಬಿಚ್ಚುವ ಮೊದಲೇ ಬಳಪದಿಂದ ಸ್ಟಡ್ಡಿನ ತುದಿಗೂ ನಟ್ಟಿಗೂ ಸೇರಿಸಿ ಒಂದು ಗೆರೆ ಎಳೆಯಿರಿ, ಆ ಗೆರೆ ಹೆಡ್ಡಿನ ತನಕ ಮುಂದುವರಿಯಲಿ. ನಟ್ಟು ಮಾತ್ರ ಗೆರೆ ತಪ್ಪಿದರೆ ನಟ್ಟು ಬರುತ್ತಿದೆ. ಎರಡೂ ಒಟ್ಟಿಗೆ ತಿರುಗಿ ಹೆಡ್ಡಿನ ಗೆರೆಯಿಂದ ದೂರವಾದರೆ ಸ್ಟಡ್ಡೇ ತಿರುಗುತ್ತಿದೆ. ಕ್ರಿಕ್ ಅನ್ನುತ್ತಾ ಸ್ಟಡ್ಡು ಬುಡಸಮೇತ ಬಂದರೆ ಒಳ್ಳೆಯದೇ, ಬರಲಿ ಬಿಡಿ. ಮೆತ್ತಗೆ ತಿರುಗಿದರೆ ಅಲ್ಲೇ ನಿಲ್ಲಿಸಿ, ಬಿಸಿ ಮಾಡುವ ಕೆಲಸಕ್ಕೆ ಹೋಗಿ.

ಒಮ್ಮೆ ಸಡಿಲವಾದ ನಟ್ಟನ್ನೂ ಒಂದೇ ಸಮ ತಿರುಗಿಸಿ ತೆಗೆಯಬೇಡಿ. ಕಾಲು ಸುತ್ತು ಹೊರಗೆ, ಅದರ ಅರ್ಧ ಒಳಗೆ, ಒಂದು ಹನಿ ಎಣ್ಣೆ. ಹೀಗೆ ಹಿಂದೆಮುಂದೆ ಆಡಿಸಿದರೆ ಥ್ರೆಡ್ಡಿನಲ್ಲಿದ್ದ ಪುಡಿ ಹೊರಬರುತ್ತದೆ, ಎಣ್ಣೆ ಕಂದುಬಣ್ಣಕ್ಕೆ ತಿರುಗಿ ಕೆಳಗಿಳಿಯುತ್ತದೆ.

ಬಿಸಿ

ಎಣ್ಣೆಗೆ ಬಗ್ಗದ್ದು ಬಿಸಿಗೆ ಬಗ್ಗುತ್ತದೆ. ಆದರೆ ಮೊದಲು ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ, ಆರಲು ಬಿಡಿ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸುವ ಚಾಳಿ ಇದ್ದರೆ ಇಲ್ಲಿ ಬೇಡ. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ, ಬೆಂಕಿ ತಾಗಿದರೆ ಅದರಿಂದ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ನೀರಿನ ಜಿಐ ಪೈಪನ್ನೇ ಯಾರೋ ಸೈಲೆನ್ಸರಿಗೆ ಜೋಡಿಸಿದ್ದರೆ ಅದರ ಸತುವಿನ ಲೇಪ ಸುಟ್ಟು ಬಿಳಿ ಹೊಗೆ ಬರುತ್ತದೆ. ಆ ಹೊಗೆ ಕುಡಿದರೆ ಜ್ವರ ಬರುತ್ತದೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ಕೆಲಸ ಮಾಡಿ.

ನಟ್ಟು ಮಾತ್ರ ಕಚ್ಚಿಕೊಂಡಿದ್ದರೆ ಟಾರ್ಚಿನ ಉರಿಯ ತುದಿಯನ್ನು ನಟ್ಟಿನ ಮೇಲೆ ಮಾತ್ರ ಹಿಡಿಯಿರಿ. ನಟ್ಟು ಕಾದು ಹಿಗ್ಗಬೇಕು, ಒಳಗಿನ ಸ್ಟಡ್ಡು ತಣ್ಣಗೇ ಇರಬೇಕು. ಹಾಗಾಗಿ ಬೇಗ ಕಾಯಿಸಿ, ಬೇಗ ತಿರುಗಿಸಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಏನೂ ಸಿಗುವುದಿಲ್ಲ.

ಅಲ್ಯೂಮಿನಿಯಂ ಹೆಡ್ಡಿನೊಳಗೆ ಉಕ್ಕಿನ ಪೈಪೋ ಸ್ಟಡ್ಡೋ ಕಚ್ಚಿಕೊಂಡಿದ್ದರೆ ಲೆಕ್ಕ ಬೇರೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 20 ಮಿ.ಮೀ. ಪೈಪು ಕೂತಿರುವ ಜಾಗವನ್ನು 150 ಡಿಗ್ರಿಯಷ್ಟು ಮೇಲೇರಿಸಿದರೆ, ಎರಡೂ ಒಂದೇ ಬಿಸಿಯಲ್ಲಿದ್ದರೂ ತೂತು ಪೈಪಿಗಿಂತ 0.03 ಮಿ.ಮೀ.ನಷ್ಟು ಜಾಸ್ತಿ ದೊಡ್ಡದಾಗುತ್ತದೆ. ಅರ್ಧ ಕೂದಲಿನ ದಪ್ಪ. ತುಕ್ಕಿನ ಹಿಡಿತ ಬಿಡಲು ಅಷ್ಟು ಸಾಕು. ಹಾಗಾಗಿ ಇಲ್ಲಿ ಕಾಯಿಸಬೇಕಿರುವುದು ಪೈಪಿನ ಸುತ್ತಲಿನ ಅಲ್ಯೂಮಿನಿಯಮ್ಮನ್ನು.

ಎಚ್ಚರ ಬೇಕಿರುವುದೂ ಇಲ್ಲೇ. ಕಬ್ಬಿಣ ಕರಗುವ ಮೊದಲು ಕೆಂಪಾಗಿ ಹೇಳುತ್ತದೆ, ಅಲ್ಯೂಮಿನಿಯಂ ಏನನ್ನೂ ಹೇಳುವುದಿಲ್ಲ. ಅಪ್ಪಟ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಎಂಜಿನ್ ಎರಕದ ಮಿಶ್ರಲೋಹ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಬಣ್ಣ ಬದಲಾಗಲಿ ಅಂತ ಕಾದರೆ ಬಣ್ಣದ ಬದಲು ಮೂಲೆಯೇ ಕುಸಿಯುತ್ತದೆ. ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತ ಆಡಿಸುತ್ತಿರಿ. ಆಗಾಗ ಬೆರಳ ತುದಿಯಿಂದ ಒಂದು ಹನಿ ನೀರು ಚಿಮುಕಿಸಿ. ಚುಯ್ ಅಂತ ಆರಿಹೋದರೆ 100 ಡಿಗ್ರಿ ದಾಟಿದೆ. ದೋಸೆ ಕಾವಲಿಯ ಮೇಲಿನ ಹನಿಯಂತೆ ಗುಂಡಗಾಗಿ ಓಡಾಡಿದರೆ 200ರ ಹತ್ತಿರ ಬಂದಿದೆ. ಅಲ್ಲಿಗೆ ನಿಲ್ಲಿಸಿ.

ಬೀಡು ಕಬ್ಬಿಣದ ಎಂಜಿನ್ನಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಎರಡೂ ಹೆಚ್ಚುಕಮ್ಮಿ ಒಂದೇ ಸಮ ಹಿಗ್ಗುತ್ತವೆ. ಅಲ್ಲಿ ಪೈಪನ್ನೇ ಬುಡದ ಹತ್ತಿರ ಮಂಕು ಕೆಂಪಾಗುವ ತನಕ ಕಾಯಿಸಿ. ಹಿಗ್ಗಲು ಜಾಗವಿಲ್ಲದೆ ಪೈಪು ತನ್ನೊಳಗೇ ಒತ್ತಿಕೊಳ್ಳುತ್ತದೆ. ಆರಿದಾಗ ಮೊದಲಿಗಿಂತ ಒಂದು ಎಳೆ ಸಣ್ಣದಾಗಿರುತ್ತದೆ. ಪೂರ್ತಿ ಆರಲು ಬಿಟ್ಟು ಆಮೇಲೆ ತಿರುಗಿಸಿ. ನೀರು ಸುರಿದು ಆರಿಸಬೇಡಿ, ಬೀಡು ಸೀಳುತ್ತದೆ.

ಇನ್ನು ಮೇಣದ ಬತ್ತಿ. ಇದು ನನ್ನ ಅಚ್ಚುಮೆಚ್ಚಿನ ಉಪಾಯ. ಜೋಡಣೆ ಬಿಸಿಯಾಗಿರುವಾಗ, ಉರಿ ಆರಿಸಿ, ಮೇಣದ ತುದಿಯನ್ನು ಥ್ರೆಡ್ಡಿನ ಸಂದಿಗೆ ತಾಗಿಸಿ. ಮೇಣ ಕರಗಿ ಕ್ಷಣದಲ್ಲಿ ಒಳಗೆ ಎಳೆದುಕೊಂಡು ಹೋಗುತ್ತದೆ. ಅದು ಮಾಯವಾಗುವುದನ್ನು ಕಣ್ಣಾರೆ ನೋಡಬಹುದು. ಹೊಗೆಯಾಡಿದರೆ ಬಿಸಿ ಜಾಸ್ತಿಯಾಯಿತು ಅಂತ, ಸ್ವಲ್ಪ ಕಾದು ಮತ್ತೆ ತಾಗಿಸಿ. ಕೂಡಲೇ ಪಾನಾ ಹಾಕಿ. ಮೊದಲ ಸಲಕ್ಕೆ ಬರದಿದ್ದರೆ ಇನ್ನೆರಡು ಸಲ ಕಾಯಿಸಿ, ಆರಿಸಿ ನೋಡಿ. ಮೂರನೇ ಸಲಕ್ಕೆ ಬಂದದ್ದೇ ಹೆಚ್ಚು.

ತಿರುಗಿಸಿ ಕೂರಿಸಿದ ಪೈಪಾದರೆ

ಪೈಪ್ ರೆಂಚನ್ನು ಆದಷ್ಟು ಬುಡಕ್ಕೆ ಹಾಕಿ. ಸೈಲೆನ್ಸರ್ ಡಬ್ಬ ಹಿಡಿದು ತಿರುಗಿಸಿದರೆ ತೆಳು ತಗಡು ಹರಿದು ಬರುತ್ತದೆ, ಪೈಪು ಅಲ್ಲೇ ಉಳಿಯುತ್ತದೆ. ತುಕ್ಕು ತಿಂದ ಪೈಪು ರೆಂಚಿನ ಹಲ್ಲಿಗೆ ಚಪ್ಪಟೆಯಾಗುವುದೂ ಉಂಟು. ಒಳಗೆ ಸರಿಯಾಗಿ ಕೂರುವ ಕಬ್ಬಿಣದ ಸರಳನ್ನು ತೂರಿಸಿಕೊಂಡರೆ ಆ ತೊಂದರೆ ಇಲ್ಲ. ಸರಳು ತೀರಾ ಆಳಕ್ಕೆ ಹೋಗಿ ವಾಲ್ವಿಗೆ ತಾಗದಿರಲಿ.

ನಟ್ಟು ಗುಂಡಗಾದರೆ

ಬೇಸರ ಬೇಡ, ನಟ್ಟು ಹೊಸದು ಸಿಗುತ್ತದೆ, ಅದನ್ನು ಕಳೆದುಕೊಂಡರೆ ನಷ್ಟವಿಲ್ಲ. ಉಳಿಸಬೇಕಿರುವುದು ಸ್ಟಡ್ಡನ್ನು. ನಟ್ಟಿನ ಒಂದು ಚಪ್ಪಟೆ ಮಗ್ಗುಲನ್ನು ಗ್ರೈಂಡರಿನಿಂದಲೋ ಅರದಿಂದಲೋ ಥ್ರೆಡ್ ಕಾಣಿಸುವ ಹಂತದವರೆಗೆ ತೆಳ್ಳಗೆ ಮಾಡಿ, ಅಲ್ಲಿಗೆ ಉಳಿ ಇಟ್ಟು ಒಂದು ಪೆಟ್ಟು ಕೊಡಿ. ನಟ್ಟು ಸೀಳಿ ಬಾಯಿ ಬಿಡುತ್ತದೆ. ಜಾಗ ಇದ್ದರೆ ನಟ್ಟು ಸೀಳುವ ಸಲಕರಣೆ, ನಟ್ ಸ್ಪ್ಲಿಟರ್, ಇನ್ನೂ ಸುಲಭ.

ಮುರಿದೇ ಹೋದರೆ

ಸ್ಟಡ್ಡಿನ ತುಂಡು ಸ್ವಲ್ಪವಾದರೂ ಹೊರಗಿದ್ದರೆ ಅದರ ಮೇಲೊಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಹಿಡಿಯಲು ತಲೆ ಸಿಕ್ಕಂತಾಯಿತು, ವೆಲ್ಡಿನ ಬಿಸಿಗೆ ತುಕ್ಕಿನ ಹಿಡಿತವೂ ಬಿಡುತ್ತದೆ. ಕೆಂಪು ಆರಿದ ಮೇಲೆ ನಿಧಾನಕ್ಕೆ ಆಡಿಸಿ ತೆಗೆಯಿರಿ.

ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ಕೊರೆಯಬೇಕು. ಮೊದಲು ತುಂಡಿನ ಮುಖವನ್ನು ಅರದಿಂದ ಸಮ ಮಾಡಿ. ನಟ್ಟನಡುವೆ ಸೆಂಟರ್ ಪಂಚಿನಿಂದ ಒಂದು ಸಣ್ಣ ಗುಳಿ ಹೊಡೆಯಿರಿ. ಇದಕ್ಕೆ ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ. ಪಂಚು ಒಂದು ಮಿಲಿಮೀಟರ್ ಸರಿದರೂ ಡ್ರಿಲ್ಲು ಮೆತ್ತಗಿನ ಅಲ್ಯೂಮಿನಿಯಂ ಕಡೆಗೆ ಓಡುತ್ತದೆ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ಬಳಸಿ. ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ತಿರುಗಿ ಹೊರಬರುತ್ತದೆ. ಈಜಿ-ಔಟ್ (ಮುರಿದ ತುಂಡಿನಲ್ಲಿ ಕೊರೆದ ತೂತಿಗೆ ಹಾಕಿ ತಿರುಗಿಸಿ ತೆಗೆಯುವ ಕಡ್ಡಿ) ಬಗ್ಗೆ ನನ್ನದು ಕಹಿ ಅನುಭವ. ಅದು ತುಂಬಾ ಗಟ್ಟಿ ಉಕ್ಕು, ಹಾಗೇ ಪೆಡಸು. ಪಾನಾಕ್ಕೆ ಬರದೆ ಮುರಿದ ಸ್ಟಡ್ಡು ಪೆನ್ಸಿಲ್ ದಪ್ಪದ ಈಜಿ-ಔಟಿಗೆ ಹೇಗೆ ಬಂದೀತು? ನನ್ನದು ಒಳಗೇ ಮುರಿಯಿತು, ಅದನ್ನು ಕೊರೆಯಲು ಯಾವ ಡ್ರಿಲ್ಲೂ ಒಪ್ಪಲಿಲ್ಲ. ಮೂರು ದಿನ ಆಗಿದ್ದು ಅದಕ್ಕೇ. ನನ್ನನ್ನು ಕೇಳಿದರೆ, ಸ್ಟಡ್ಡನ್ನು ಪೂರ್ತಿ ಕೊರೆದು ತೆಗೆಯುವುದೇ ವಾಸಿ. 8 ಮಿ.ಮೀ. ಸ್ಟಡ್ಡಿಗೆ 6.8 ಮಿ.ಮೀ. ತೂತು, 6 ಮಿ.ಮೀ. ಸ್ಟಡ್ಡಿಗೆ 5 ಮಿ.ಮೀ. ತೂತು. ಸಣ್ಣ ಬಿಟ್ಟಿನಿಂದ ಶುರುಮಾಡಿ ಹಂತಹಂತವಾಗಿ ಅಲ್ಲಿಗೆ ಬನ್ನಿ. ನಡುವೆಯೇ ಕೊರೆದಿದ್ದರೆ ಹಳೆಯ ಥ್ರೆಡ್ಡಿನಲ್ಲಿ ಉಳಿದ ಸುರುಳಿಯನ್ನು ಸೂಜಿಯಂತಹ ಚಿಮಟದಿಂದ ಎಳೆದು, ಥ್ರೆಡ್ ಕೊರೆಯುವ ಟ್ಯಾಪ್ ಹಾಯಿಸಿದರೆ ಮುಗಿಯಿತು. ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ಡಾಗಿ ನಿಲ್ಲುವ ತಂತಿ ಸುರುಳಿ, ಕೂರಿಸಿ.

ಪೈಪೇ ಮುರಿದು ಥ್ರೆಡ್ಡಿನ ಭಾಗ ಒಳಗುಳಿದಿದ್ದರೆ ಮೊದಲು ಫ್ಲೈವೀಲ್ ತಿರುಗಿಸಿ ಎಕ್ಸಾಸ್ಟ್ ವಾಲ್ವ್ ಮುಚ್ಚಿರುವ ಜಾಗಕ್ಕೆ ತನ್ನಿ, ಬಾಯಿಗೆ ಬಟ್ಟೆ ತುರುಕಿ. ಲೋಹದ ಪುಡಿ ಸಿಲಿಂಡರಿಗೆ ಬೀಳಬಾರದು. ಬರಿಯ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಪೈಪಿನ ಒಳಗಿನಿಂದ ಉದ್ದಕ್ಕೆ ಗೀರು ಹಾಕಿ. ಅರ್ಧ ಇಂಚು ಬಿಟ್ಟು ಪಕ್ಕದಲ್ಲಿ ಇನ್ನೊಂದು. ಕುಯ್ಯುವಾಗ ತುಕ್ಕಿನ ಕಂದು ಪುಡಿಯ ಜಾಗದಲ್ಲಿ ಬೆಳ್ಳಿಯಂತೆ ಹೊಳೆಯುವ ಪುಡಿ ಕಂಡರೆ ಬ್ಲೇಡು ಅಲ್ಯೂಮಿನಿಯಂ ಮುಟ್ಟಿದೆ, ಕೂಡಲೇ ನಿಲ್ಲಿಸಿ. ಎರಡು ಗೀರಿನ ನಡುವಿನ ಪಟ್ಟಿಯನ್ನು ಸಣ್ಣ ಉಳಿಯಿಂದ ಒಳಕ್ಕೆ ಮಡಚಿದರೆ ಉಳಿದ ಉಂಗುರದ ಬಿಗಿ ಹೋಗುತ್ತದೆ. ಇಕ್ಕಳದಿಂದ ಸುರುಳಿ ಸುತ್ತುತ್ತಾ ತೆಗೆಯಬಹುದು.

ಮತ್ತೆ ಕೂರಿಸುವಾಗ

ಫ್ಲೇಂಜಿನ ಸಂದಿ ಮುಚ್ಚುವ ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಹಾಕಬೇಡಿ. ಫ್ಲೇಂಜ್ ಮುಖವನ್ನು ಕೆರೆದು, ಗಾಜಿನ ಮೇಲೆ ಮರಳು ಕಾಗದ ಹಾಸಿ ಉಜ್ಜಿ ಸಮ ಮಾಡಿ. ಥ್ರೆಡ್ಡಿಗೆ ನಿಕಲ್ ಅಥವಾ ತಾಮ್ರದ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳ್ಳಗೆ ಸವರಿ. ಸಾದಾ ಗ್ರೀಸ್ ಈ ಬಿಸಿಗೆ ಸುಟ್ಟು ಕರಿಯಾಗುತ್ತದೆ. ಹಿತ್ತಾಳೆ ನಟ್ಟು ಸಿಕ್ಕರೆ ಹಾಕಿ, ಅದಕ್ಕೆ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಎರಡು ನಟ್ಟನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದರಂತೆ ಬಿಗಿಯಿರಿ. ಎಷ್ಟು ಬಿಗಿ ಅನ್ನುವುದನ್ನು ನಿಮ್ಮ ಎಂಜಿನ್ನಿನ ಪುಸ್ತಕದಲ್ಲೇ ನೋಡಿ. ಆಂಟಿ-ಸೀಜ್ ಸವರಿದ ಥ್ರೆಡ್ ನುಣುಪಾಗಿರುವುದರಿಂದ ಅಳತೆಗಿಂತ ಒಂದು ಚೂರು ಕಮ್ಮಿಯೇ ಇರಲಿ.

ಟ್ಯಾಂಕು, ಕಾರ್ಬುರೇಟರ್ ಎಲ್ಲ ಜೋಡಿಸಿ, ಬಯಲಿನಲ್ಲಿ ಎಂಜಿನ್ ಶುರು ಮಾಡಿ. ಮೊದಲ ಐದು ನಿಮಿಷ ಹೊಗೆ ಬರುತ್ತದೆ. ಉಳಿದ ಎಣ್ಣೆ, ಮೇಣ ಸುಡುವ ಹೊಗೆ ಅದು. ಹತ್ತು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ನಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿ. ಹೊಸ ಗ್ಯಾಸ್ಕೆಟ್ ಒತ್ತಿ ಕೂತಿರುವುದರಿಂದ ಕಾಲು ಸುತ್ತಿನಷ್ಟು ಸಡಿಲ ಸಿಕ್ಕೇ ಸಿಗುತ್ತದೆ. ಒಂದು ವಾರ ಬಳಸಿದ ಮೇಲೆ ಫ್ಲೇಂಜಿನ ಅಂಚನ್ನು ನೋಡಿ. ಕಪ್ಪು ಮಸಿಯ ಗೆರೆ ಎಲ್ಲಾದರೂ ಹೊರಗೆ ಚಿಮ್ಮಿದ್ದರೆ ಗಾಳಿ ಸೋರುತ್ತಿರುವುದು ಅಲ್ಲೇ.